ಬ್ರೆಕ್ಸಿಟ್‌ಗೆ ವೋಟು ಹಾಕಿದವರಿಗೆ ಈಗ ಏನನ್ನಿಸುತ್ತಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನಲ್ಲಿ ಮಕ್ಕಳೋ ನೆಂಟರೋ ಇರುವ ಕನ್ನಡಿಗರು ಜಾಸ್ತಿ ಆದಂತೆ ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟು ಹೊರಬಂದದ್ದರ ಬಗ್ಗೆ ಕೇಳುವವರೂ ಜಾಸ್ತಿ ಆಗಿದ್ದಾರೆ. ಒಪ್ಪಂದ, ಸುಂಕ, ಕಾನೂನಿನ ವಿವರ ಎಲ್ಲ ಕಡೆ ಸಿಗುತ್ತದೆ. ಇಲ್ಲಿ ನೋಡುವುದು ಬೇರೆ ವಿಷಯ. ಅವತ್ತು ಸಾಲಿನಲ್ಲಿ ನಿಂತು ವೋಟು ಹಾಕಿದರಲ್ಲ, ಆ ಜನರ ಮನಸ್ಸಿನಲ್ಲಿ ಈಗ ಏನಿದೆ?

ಮೊದಲು ಚುಟುಕಾಗಿ ಹೇಳಿ. 2016ರಲ್ಲಿ ಆಗಿದ್ದೇನು?

2016ರ ಜೂನ್ 23, ಗುರುವಾರ. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೋ ಬಿಡಬೇಕೋ ಎಂದು ಬ್ರಿಟನ್ ಸರ್ಕಾರ ಜನರನ್ನೇ ಕೇಳಿತು. ಶೇ 51.9 ಮಂದಿ ಬಿಡೋಣ ಎಂದರು. ಶೇ 48.1 ಮಂದಿ ಉಳಿಯೋಣ ಎಂದರು. 1 ಕೋಟಿ 74 ಲಕ್ಷ ಜನ ಆ ಕಡೆ, 1 ಕೋಟಿ 61 ಲಕ್ಷ ಜನ ಈ ಕಡೆ. ಮತದಾನದ ಪ್ರಮಾಣ ಶೇ 72.2.

ಅಲ್ಲಿ ನಮ್ಮ ಹಾಗೆ ಇವಿಎಂ ಇಲ್ಲ, ಬೆರಳಿಗೆ ಶಾಯಿ ಇಲ್ಲ. ಒಂದು ಕಾಗದ, ಬೂತಿನಲ್ಲಿ ಒಂದು ಪೆನ್ಸಿಲ್. ಎರಡು ಚೌಕ, ಒಂದರಲ್ಲಿ X ಗುರುತು ಹಾಕಬೇಕು. ಪೆನ್ಸಿಲ್ ಗುರುತನ್ನು ಬೇಹುಗಾರರು ಅಳಿಸಿಬಿಡುತ್ತಾರೆ, ಮನೆಯಿಂದಲೇ ಪೆನ್ನು ತಗೊಂಡು ಹೋಗಿ ಎಂದು ‘ಬಿಡೋಣ’ ಕಡೆಯ ಕೆಲವರು ಪ್ರಚಾರವನ್ನೇ ಮಾಡಿದ್ದರು. ಗೆದ್ದದ್ದು ಅವರೇ ಅನ್ನೋದು ಬೇರೆ ಮಾತು. ಆದರೆ ಅಪನಂಬಿಕೆ ಫಲಿತಾಂಶದ ನಂತರ ಹುಟ್ಟಿದ್ದಲ್ಲ, ಮೊದಲೇ ಇತ್ತು.

ಫಲಿತಾಂಶ ಗೊತ್ತಾದಾಗ ನಮ್ಮಲ್ಲಿ ಶುಕ್ರವಾರ ಬೆಳಗ್ಗೆ. ನೂರು ರೂಪಾಯಿ ಆಸುಪಾಸಿನಲ್ಲಿದ್ದ ಪೌಂಡ್ ಅವತ್ತೇ 90ರ ಚಿಲ್ಲರೆಗೆ ಬಿತ್ತು. ಮಕ್ಕಳ ಫೀಸು ಕಟ್ಟಬೇಕಿದ್ದ ಇಲ್ಲಿನ ಅಪ್ಪ ಅಮ್ಮಂದಿರಿಗೆ ಮಾತ್ರ ಅದು ಒಳ್ಳೇ ಸುದ್ದಿ.

ಈಗ ಎಲ್ಲರೂ ಪಶ್ಚಾತ್ತಾಪ ಪಡ್ತಿದ್ದಾರಂತೆ. ಹೌದಾ?

ತಲೆಬರಹ ಮಾತ್ರ ಓದಿದರೆ ಹೌದು. ಒಳಗೆ ಇಳಿದರೆ ಅಷ್ಟು ಸಲೀಸಾಗಿಲ್ಲ.

ಯೂಗವ್ ಎಂಬ ಸಮೀಕ್ಷಾ ಸಂಸ್ಥೆ 2016ರ ಆಗಸ್ಟ್‌ನಿಂದ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾ ಬಂದಿದೆ. ಈಗ ಹಿಂದಿರುಗಿ ನೋಡಿದರೆ, ಒಕ್ಕೂಟ ಬಿಡಲು ವೋಟು ಹಾಕಿದ್ದು ಸರಿಯಾ, ತಪ್ಪಾ? ಮೊದಮೊದಲು ‘ಸರಿ’ ಸ್ವಲ್ಪ ಮುಂದಿತ್ತು. 2017ರ ಮಧ್ಯದ ಹೊತ್ತಿಗೆ ‘ತಪ್ಪು’ ಅದನ್ನು ದಾಟಿತು. 2021ರ ನಂತರ ಅಂತರ ದೊಡ್ಡದಾಯಿತು. ಹೊರಬಂದು 5 ವರ್ಷವಾದ 2025ರ ಜನವರಿಯಲ್ಲಿ ಶೇ 55 ಮಂದಿ ತಪ್ಪು ಎಂದರು, ಸರಿ ಎಂದವರು ಶೇ 30. ಬ್ರೆಕ್ಸಿಟ್ ಇಲ್ಲಿಯವರೆಗೆ ಗೆಲುವೋ ಸೋಲೋ ಎಂದು ಆಗ ಕೇಳಿದಾಗ ಗೆಲುವು ಎಂದವರು ಶೇ 11 ಮಾತ್ರ. ಶೇ 62 ಮಂದಿ ಸೋಲು ಎಂದರು.

ಇಷ್ಟು ನೋಡಿದರೆ ದೇಶಕ್ಕೆ ದೇಶವೇ ಕೈ ಹಿಸುಕಿಕೊಳ್ಳುತ್ತಿದೆ ಅನ್ನಿಸುತ್ತದೆ, ಅಲ್ವಾ? ಆದರೆ 2016ರಲ್ಲಿ ‘ಬಿಡೋಣ’ ಎಂದವರನ್ನು ಮಾತ್ರ ಬೇರೆ ಮಾಡಿ ನೋಡಿ. ಅವರಲ್ಲಿ ತಪ್ಪಾಯಿತು ಎನ್ನುವವರು ಸುಮಾರು ಐವರಲ್ಲಿ ಒಬ್ಬರು. ಹತ್ತಿರ ಹತ್ತಿರ ಮೂವರಲ್ಲಿ ಇಬ್ಬರು ಇವತ್ತಿಗೂ ನಾವು ಮಾಡಿದ್ದು ಸರಿ ಎನ್ನುತ್ತಾರೆ. ಹಾಗೆ ಹೇಳುವವರಲ್ಲೇ ಬಹಳ ಜನ ಬ್ರೆಕ್ಸಿಟ್‌ನಿಂದ ಅಂದುಕೊಂಡಿದ್ದು ಸಿಗಲಿಲ್ಲ ಎಂದೂ ಒಪ್ಪುತ್ತಾರೆ.

ವೋಟು ಸರಿ, ಆಮೇಲೆ ಆದದ್ದು ಸರಿಯಿಲ್ಲ. ಈ ಎರಡೂ ಮಾತು ಒಂದೇ ಬಾಯಲ್ಲಿ ಬರುತ್ತದೆ. ಹೊರಗಿನಿಂದ ನೋಡುವ ನಾವು ಇದನ್ನೇ ಮರೆಯುತ್ತೇವೆ.

ಮನಸ್ಸು ಬದಲಿಸಿದವರು ಇಷ್ಟು ಕಡಿಮೆ ಅಂದ್ರೆ ಒಟ್ಟು ಲೆಕ್ಕ ಹೇಗೆ ತಿರುಗಿತು?

ಒಂದು, ಬದಲಾದ ಆ ಐದನೇ ಒಂದು ಭಾಗ. ಶೇ 52–48ರಂಥ ಫಲಿತಾಂಶದಲ್ಲಿ ಇಷ್ಟು ಜನ ಕದಲಿದರೂ ಸಾಕು, ತಕ್ಕಡಿ ತಿರುಗುತ್ತದೆ. ‘ಉಳಿಯೋಣ’ ಎಂದವರ ಕಡೆಯಿಂದಲೂ ಆಚೆ ಹೋದವರಿದ್ದಾರೆ, ಆದರೆ ಅವರು ಇನ್ನೂ ಕಡಿಮೆ.

ಎರಡನೆಯದು ವಯಸ್ಸು. ಇದೇ ದೊಡ್ಡದು. 2016ರಲ್ಲಿ 25 ತುಂಬದವರಲ್ಲಿ ಹತ್ತಕ್ಕೆ ಏಳು ಮಂದಿ ಉಳಿಯೋಣ ಎಂದಿದ್ದರು. 65 ದಾಟಿದವರಲ್ಲಿ ಹತ್ತಕ್ಕೆ ಆರಕ್ಕಿಂತ ಹೆಚ್ಚು ಮಂದಿ ಬಿಡೋಣ ಎಂದಿದ್ದರು. ಆಮೇಲೆ ಇಷ್ಟು ವರ್ಷ ಕಳೆಯಿತು. ಹಿರಿಯರಲ್ಲಿ ಬಹಳ ಮಂದಿ ತೀರಿಕೊಂಡರು. ಆಗ ಶಾಲೆಯಲ್ಲಿದ್ದ ಮಕ್ಕಳು ಮತದಾರರಾದರು. 2025ರ ಆರಂಭದಲ್ಲಿ 18ರಿಂದ 24 ವಯಸ್ಸಿನವರನ್ನು ಕೇಳಿದಾಗ ನಾಲ್ವರಲ್ಲಿ ಮೂವರು ಅದು ತಪ್ಪು ಎಂದರು. ಅವರು ಯಾರೂ ಮನಸ್ಸು ಬದಲಿಸಿದವರಲ್ಲ. ಅವರನ್ನು ಅವತ್ತು ಯಾರೂ ಕೇಳಿಯೇ ಇರಲಿಲ್ಲ.

ಮೂರನೆಯದು, ಅವತ್ತು ವೋಟು ಹಾಕದೆ ಮನೆಯಲ್ಲಿ ಉಳಿದ ಕೋಟಿಗೂ ಮೀರಿದ ಜನ. ಅವರಲ್ಲಿ ಅಭಿಪ್ರಾಯ ಇರುವವರು ಈಗ ಜಾಸ್ತಿ ‘ತಪ್ಪು’ ಕಡೆಗೇ ವಾಲಿದ್ದಾರೆ. ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದ ಜಾನ್ ಕರ್ಟಿಸ್ ಬ್ರಿಟನ್ನಿನ ಚುನಾವಣಾ ಲೆಕ್ಕಾಚಾರದಲ್ಲಿ ದೊಡ್ಡ ಹೆಸರು. ಅವರೂ ವರ್ಷಗಳಿಂದ ಈ ಕಡೆ ಬೊಟ್ಟು ಮಾಡುತ್ತಲೇ ಬಂದಿದ್ದಾರೆ.

ಹಾಗಾಗಿ ‘ಬ್ರಿಟನ್ ಪಶ್ಚಾತ್ತಾಪ ಪಡುತ್ತಿದೆ’ ಎನ್ನುವುದಕ್ಕಿಂತ ‘ಬ್ರಿಟನ್ನಿನ ಮತದಾರರ ಪಟ್ಟಿ ಬದಲಾಗಿದೆ’ ಎಂದರೆ ಸತ್ಯಕ್ಕೆ ಹತ್ತಿರ.

‘ಬಿಡೋಣ’ ಎಂದವರ ಸಿಟ್ಟು ಯಾರ ಮೇಲೆ?

ರಾಜಕಾರಣಿಗಳ ಮೇಲೆ. ಅದರಲ್ಲೂ ತಾವೇ ಗೆಲ್ಲಿಸಿದವರ ಮೇಲೆ.

ಯಾಕೆ ಎಂದು ತಿಳಿಯಲು ಮತಚೀಟಿಯನ್ನೇ ನೋಡಬೇಕು. ಉಳಿಯುವುದು ಅಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು, ಈಗಿರುವುದೇ ಮುಂದುವರಿಯುವುದು. ಬಿಡುವುದು ಅಂದರೆ ಏನೆಂದು ಅದರಲ್ಲಿ ಬರೆದಿರಲಿಲ್ಲ. ಬಾಡಿಗೆ ಮನೆ ಖಾಲಿ ಮಾಡೋಣವಾ ಎಂದು ಮನೆಯವರನ್ನೆಲ್ಲ ಕೇಳಿ, ಹೂಂ ಎಂದ ಮೇಲೆ, ಹೋಗುವುದು ಎಲ್ಲಿಗೆ ಎಂದು ಜಗಳ ಶುರುವಾದ ಹಾಗೆ ಆಯಿತು. ಒಬ್ಬರಿಗೆ ಬಿಡುವುದು ಅಂದರೆ ವಲಸೆ ನಿಲ್ಲಿಸುವುದು. ಇನ್ನೊಬ್ಬರಿಗೆ ಇಡೀ ಜಗತ್ತಿನ ಜೊತೆ ಸಲೀಸಾಗಿ ವ್ಯಾಪಾರ ಮಾಡುವುದು. ಮತ್ತೊಬ್ಬರಿಗೆ ಒಕ್ಕೂಟದ ಕಚೇರಿ ಇರುವ ಬ್ರಸೆಲ್ಸ್‌ನವರು ನಮಗೆ ಕಾನೂನು ಮಾಡುವುದು ನಿಲ್ಲಬೇಕು, ಅಷ್ಟೇ. ಎಲ್ಲರೂ ಒಂದೇ ಚೌಕದಲ್ಲಿ ಗುರುತು ಹಾಕಿದರು.

ಜನಮತ ಕೇಳಿದ ಪ್ರಧಾನಿ ಡೇವಿಡ್ ಕ್ಯಾಮರೂನ್ ಮಾರನೇ ಬೆಳಗ್ಗೆಯೇ ರಾಜೀನಾಮೆ ಘೋಷಿಸಿದರು. ನಂತರ ಬಂದ ಥೆರೆಸಾ ಮೇ ತಂದ ಒಪ್ಪಂದ 2019ರ ಜನವರಿ 15ರಂದು 432–202 ಮತಗಳಿಂದ ಬಿತ್ತು. ಅಷ್ಟು ದೊಡ್ಡ ಅಂತರದಲ್ಲಿ ಅಲ್ಲಿನ ಯಾವ ಸರ್ಕಾರವೂ ಸೋತಿರಲಿಲ್ಲ. ಮಾರ್ಚ್‌ನಲ್ಲಿ ಸಂಸದರ ಮುಂದೆ ಎಂಟು ಬೇರೆ ಬೇರೆ ದಾರಿ ಇಟ್ಟರು. ಎಂಟಕ್ಕೆ ಎಂಟೂ ಬಹುಮತ ಪಡೆಯಲಿಲ್ಲ. ಹೊರಬರಬೇಕಿದ್ದ 2019ರ ಮಾರ್ಚ್ 29 ಸುಮ್ನೆ ಕಳೆದುಹೋಯಿತು. ಆ ದಿನಕ್ಕಾಗಿ ಕಾದಿದ್ದವರಿಗೆ ನಮ್ಮ ವೋಟನ್ನು ಕಸಿದುಕೊಳ್ಳುತ್ತಿದ್ದಾರೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಅದೇ ಸಿಟ್ಟು ಆ ಡಿಸೆಂಬರ್‌ನಲ್ಲಿ ಬೋರಿಸ್ ಜಾನ್ಸನ್‌ಗೆ 80 ಸೀಟುಗಳ ಬಹುಮತ ಕೊಟ್ಟಿತು. 2020ರ ಜನವರಿ 31ಕ್ಕೆ ಬ್ರಿಟನ್ ಹೊರಬಂತು. ಕೆಲವೇ ವಾರಗಳಲ್ಲಿ ಕೋವಿಡ್ ಬಂತು. ಬ್ರೆಕ್ಸಿಟ್ ಕೆಟ್ಟದ್ದಲ್ಲ, ಕೋವಿಡ್ ಮತ್ತು ಉಕ್ರೇನ್ ಯುದ್ಧ ಎಲ್ಲವನ್ನೂ ಹಾಳು ಮಾಡಿದವು ಎನ್ನುವವರು ಇವತ್ತಿಗೂ ಬಹಳ. ಅದನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಎಲ್ಲ ಒಟ್ಟೊಟ್ಟಿಗೇ ಬಂದವು.

ಎಲ್ಲರಿಗಿಂತ ಮೋಸಹೋದೆವು ಅನ್ನಿಸಿರುವುದು ಮೀನುಗಾರರಿಗೆ. ನಮ್ಮ ಸಮುದ್ರ, ನಮ್ಮ ಮೀನು ಎಂದು ಅವರಿಗೆ ಮಾತು ಕೊಟ್ಟಿದ್ದರು. ಗ್ರಿಮ್ಸ್‌ಬಿ ಬಂದರು ಇರುವ ಜಿಲ್ಲೆಯಲ್ಲಿ ಶೇ 70ರಷ್ಟು ಮಂದಿ ಬಿಡೋಣ ಎಂದಿದ್ದರು. 2020ರಲ್ಲಿ ಜಾನ್ಸನ್ ಅವರ ಕನ್ಸರ್ವೇಟಿವ್ ಸರ್ಕಾರ ಮಾಡಿಕೊಂಡ ಒಪ್ಪಂದದಲ್ಲಿ ಸಿಕ್ಕ ಪಾಲು ಅವರ ನಿರೀಕ್ಷೆಗಿಂತ ತುಂಬ ಕಡಿಮೆ. 2025ರ ಮೇ ತಿಂಗಳಲ್ಲಿ ಲೇಬರ್ ಸರ್ಕಾರ ಐರೋಪ್ಯ ದೋಣಿಗಳಿಗೆ 2038ರವರೆಗೆ ಬ್ರಿಟನ್ನಿನ ನೀರಿನಲ್ಲಿ ಮೀನು ಹಿಡಿಯಲು ಒಪ್ಪಿತು. ಇವರಿಗೆ ಎರಡೂ ಪಕ್ಷದವರು ಕೈಕೊಟ್ಟರು ಅನ್ನಿಸುವುದು ಸಹಜ.

ಇಷ್ಟೆಲ್ಲ ಆದರೂ ವೋಟು ಸರಿ ಎನ್ನುತ್ತಾರಲ್ಲ, ಅದು ಬರೀ ಹಟ ಅಲ್ವಾ?

ಸ್ವಲ್ಪ ಹಟ ಇದ್ದೇ ಇದೆ. ಯಾರಿಗಿಲ್ಲ? ಆದರೆ ಹಟ ಎಂದು ಮುಗಿಸಿಬಿಟ್ಟರೆ ನಮಗೇನೂ ತಿಳಿಯುವುದಿಲ್ಲ.

ವೇಲ್ಸ್‌ನಲ್ಲಿ ಎಬು ವೇಲ್ ಎಂಬ ಊರಿದೆ. ಒಂದು ಕಾಲಕ್ಕೆ ಇಡೀ ಕಣಿವೆಗೆ ಅನ್ನ ಹಾಕಿದ ಉಕ್ಕಿನ ಕಾರ್ಖಾನೆ ಅಲ್ಲಿತ್ತು. 2002ರಲ್ಲಿ ಬಾಗಿಲು ಹಾಕಿತು. ಆಮೇಲೆ ಐರೋಪ್ಯ ಒಕ್ಕೂಟದ ದುಡ್ಡು ಧಾರಾಳವಾಗಿ ಬಂತು. ರಸ್ತೆ ಆಯಿತು, ರೈಲು ಮತ್ತೆ ಬಂತು, ಕಾಲೇಜು ಎದ್ದಿತು. ಕಟ್ಟಡಗಳ ಮೇಲೆ ಒಕ್ಕೂಟದ ನೀಲಿ ಬಾವುಟದ ಫಲಕ. ಹಾಗಿದ್ದೂ ಆ ಜಿಲ್ಲೆಯಲ್ಲಿ ಶೇ 62 ಮಂದಿ ಬಿಡೋಣ ಎಂದರು. ಲಂಡನ್ನಿನ ಪತ್ರಕರ್ತರಿಗೆ ಇದು ಎಷ್ಟು ವಿಚಿತ್ರ ಕಂಡಿತೆಂದರೆ ಸಾಲುಸಾಲಾಗಿ ಅಲ್ಲಿಗೆ ಹೋಗಿ ಕೇಳಿದರು. ನನಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ಫಲಕ ಬಂತು, ಸಂಬಳ ತರುವ ಕೆಲಸ ಬರಲಿಲ್ಲ. ನಮ್ಮ ಕೋಲಾರ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಅಲ್ಲಿಂದ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೊರಡುವವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಿಂಕನ್‌ಶೈರಿನ ಬಾಸ್ಟನ್ ಇನ್ನೊಂದು ಥರ. ಸುತ್ತ ಕೋಸು, ತರಕಾರಿ ಬೆಳೆಯುವ ಹೊಲಗಳು. ಕೊಯ್ಲಿಗೆ, ಪ್ಯಾಕಿಂಗಿಗೆ ಪೂರ್ವ ಯುರೋಪಿನಿಂದ ಸಾವಿರಾರು ಜನ ಬಂದರು. ಹತ್ತೇ ವರ್ಷದಲ್ಲಿ ಊರಿನ ಬಾಡಿಗೆ, ಶಾಲೆ, ಅಂಗಡಿ ಬೀದಿ ಎಲ್ಲ ಬದಲಾಯಿತು. ಅಲ್ಲಿ ಶೇ 75.6 ಮಂದಿ ಬಿಡೋಣ ಎಂದರು. ದೇಶದಲ್ಲೇ ಅತಿ ಹೆಚ್ಚು.

ಇಂಥ ಊರುಗಳಲ್ಲಿ ಸುರಕ್ಷಿತ ಸೀಟುಗಳೇ ಜಾಸ್ತಿ. ಯಾರಿಗೆ ವೋಟು ಹಾಕಿದರೂ ಅದೇ ಪಕ್ಷ ಗೆಲ್ಲುತ್ತದೆ. ಜನಮತದ ದಿನ ಮಾತ್ರ ಪ್ರತಿ ವೋಟಿಗೂ ಒಂದೇ ತೂಕ ಇತ್ತು. ದಶಕಗಳಿಂದ ಬೂತಿನ ಕಡೆ ತಲೆ ಹಾಕದವರೂ ಅವತ್ತು ಬಂದರು. ಪ್ರಧಾನಿ, ದೊಡ್ಡ ಬ್ಯಾಂಕುಗಳು, ತಜ್ಞರು ಎಲ್ಲರೂ ಬೇಡ ಎಂದಿದ್ದನ್ನು ಮಾಡಿ ತೋರಿಸಿದರು. ಅದು ತಪ್ಪಾಗಿತ್ತು ಎಂದು ಒಪ್ಪುವುದು ಅಂದರೆ ತಮ್ಮ ಮಾತು ನಡೆದ ಆ ಒಂದೇ ದಿನವನ್ನೂ ಬಿಟ್ಟುಕೊಡುವುದು.

ಅವರ ಬಳಿ ವಾದಗಳೂ ಇವೆ. ಲಸಿಕೆ ನಾವೇ ಮೊದಲು ಕೊಟ್ಟೆವು ಎನ್ನುತ್ತಾರೆ. (ಮೊದಲು ಕೊಟ್ಟದ್ದು ನಿಜ, ಆದರೆ ಆ ತುರ್ತು ಅನುಮತಿ ಒಕ್ಕೂಟದ ಕಾನೂನಿನಡಿಯೂ ಸಾಧ್ಯವಿತ್ತು.) ಟ್ರಂಪ್ 2025ರ ಏಪ್ರಿಲ್‌ನಲ್ಲಿ ಒಕ್ಕೂಟದ ಮೇಲೆ ಶೇ 20 ಸುಂಕ ಘೋಷಿಸಿದಾಗ ನಮಗೆ ಬರೀ ಶೇ 10 ಬಿತ್ತು ಎನ್ನುತ್ತಾರೆ. ಅದು ನಿಜ. ಭಾರತದ ಜೊತೆ 2025ರ ಜುಲೈ 24ರಂದು ಸಹಿಯಾದ ವ್ಯಾಪಾರ ಒಪ್ಪಂದವನ್ನೂ ಎಣಿಸುತ್ತಾರೆ. ಒಕ್ಕೂಟದಲ್ಲಿ ಇದ್ದಿದ್ದರೆ ಬ್ರಿಟನ್ ಒಬ್ಬಂಟಿಯಾಗಿ ಅದಕ್ಕೆ ಸಹಿ ಹಾಕಲು ಆಗುತ್ತಿರಲಿಲ್ಲ.

ಆ ಕೆಂಪು ಬಸ್ಸಿನ ಕತೆ ಏನು?

ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಕಳಿಸುತ್ತಿದ್ದೇವೆ, ಅದನ್ನು ಸರ್ಕಾರಿ ಆರೋಗ್ಯ ಸೇವೆಗೆ ಕೊಡೋಣ ಎಂದು ಬಸ್ಸಿನ ಮೇಲೆ ಬರೆಸಿ ಊರೂರು ಸುತ್ತಿದರು. ಒಕ್ಕೂಟದಿಂದ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದೆ ಹಾಕಿದ ಲೆಕ್ಕ ಅದು. ದೇಶದ ಅಂಕಿಅಂಶ ಪ್ರಾಧಿಕಾರವೇ ಇದು ದಾರಿ ತಪ್ಪಿಸುವ ಲೆಕ್ಕ ಎಂದಿತ್ತು. ಫಲಿತಾಂಶ ಬಂದ ಬೆಳಗ್ಗೆ ಟಿವಿಯಲ್ಲಿ ‘ಬಿಡೋಣ’ ಕಡೆಯ ದೊಡ್ಡ ಮುಖಂಡ ನೈಜೆಲ್ ಫರಾಜ್ ಕೂಡ ಆ ದುಡ್ಡಿಗೆ ಗ್ಯಾರಂಟಿ ಕೊಡಲಾರೆ, ಹಾಗೆ ಹೇಳಿದ್ದು ತಪ್ಪು ಎಂದುಬಿಟ್ಟರು. ಬಸ್ಸು ಅವರದ್ದಲ್ಲ, ‘ಬಿಡೋಣ’ದ ಇನ್ನೊಂದು ಗುಂಪಿನದು.

ವಲಸೆ ಕಡಿಮೆ ಮಾಡಲು ವೋಟು ಹಾಕಿದರಲ್ಲ. ಕಡಿಮೆ ಆಯ್ತಾ?

ಜಾಸ್ತಿ ಆಯ್ತು. ತುಂಬಾನೇ ಜಾಸ್ತಿ.

ಯುರೋಪಿನಿಂದ ಬರುವವರು ಕಡಿಮೆಯಾದರು, ನಿಜ. ಆದರೆ 2021ರಿಂದ ಬಂದ ಹೊಸ ಅಂಕ ಪದ್ಧತಿಯಲ್ಲಿ ಬೇರೆ ದೇಶದವರಿಗೆ ಬಾಗಿಲು ದೊಡ್ಡದಾಯಿತು. ಓದು ಮುಗಿಸಿದವರಿಗೆ ಎರಡು ವರ್ಷ ಉಳಿಯುವ ವೀಸಾ ಬಂತು. 2022ರಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೂ ವೀಸಾ ತೆರೆದರು. ಬಂದವರಿಂದ ಹೋದವರನ್ನು ಕಳೆದರೆ ಉಳಿಯುವ ಸಂಖ್ಯೆ 2016ರ ಹೊತ್ತಿಗೆ ವರ್ಷಕ್ಕೆ 3 ಲಕ್ಷದ ಚಿಲ್ಲರೆ ಇತ್ತು. 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ಅದು 9 ಲಕ್ಷ ದಾಟಿತು. ಅದರಲ್ಲಿ ಭಾರತೀಯರದ್ದೇ ದೊಡ್ಡ ಪಾಲು. ಬೆಂಗಳೂರಿನ ಮೂಲೆ ಮೂಲೆಯಲ್ಲೂ ಬ್ರಿಟನ್ ಎಂಎಸ್‌ಸಿ ಕನ್ಸಲ್ಟೆನ್ಸಿಗಳ ಬೋರ್ಡು ಎದ್ದದ್ದು ಆಗಲೇ. ನಿಯಮ ಬಿಗಿ ಮಾಡಿದ ಮೇಲೆ 2025ರ ಹೊತ್ತಿಗೆ ಸಂಖ್ಯೆ ಮತ್ತೆ ಇಳಿಯಿತು.

ಬಾಸ್ಟನ್ನಿನ ಮತದಾರ ಇದನ್ನು ಹೇಗೆ ನೋಡುತ್ತಾನೆ? ನನ್ನ ವೋಟು ತಪ್ಪಾಯಿತು ಎಂದು ಅವನು ಹೇಳುವುದಿಲ್ಲ. ನನಗೆ ಮೋಸ ಮಾಡಿದರು ಎನ್ನುತ್ತಾನೆ. ಒಂದೇ ಅಂಕಿಯನ್ನು ಇಬ್ಬರು ಓದುವ ರೀತಿ ಹೀಗೆ. ‘ಉಳಿಯೋಣ’ ಎಂದವರಿಗೆ ಅದು ಬ್ರೆಕ್ಸಿಟ್ ಸೋತ ಸಾಕ್ಷಿ. ‘ಬಿಡೋಣ’ ಎಂದವರಿಗೆ ನಿಜವಾದ ಬ್ರೆಕ್ಸಿಟ್ ಇನ್ನೂ ಆಗೇ ಇಲ್ಲ ಎನ್ನುವ ಸಾಕ್ಷಿ.

ಅಲ್ಲಿನ ಭಾರತೀಯರು ಯಾವ ಕಡೆ ಇದ್ದರು? ಅವರಿಗೆ ವೋಟು ಇತ್ತಾ?

ಇತ್ತು. ಬ್ರಿಟಿಷ್ ಪಾಸ್‌ಪೋರ್ಟ್ ಇಲ್ಲದವರಿಗೂ ಇತ್ತು! ಕಾಮನ್‌ವೆಲ್ತ್ ದೇಶದ ಪ್ರಜೆ ವೀಸಾ ಮೇಲೆ ಅಲ್ಲಿದ್ದು ಹೆಸರು ನೋಂದಾಯಿಸಿದ್ದರೆ ವೋಟು ಹಾಕಬಹುದಿತ್ತು. ಅಂದರೆ ಹಿಂದಿನ ವರ್ಷ ಬೆಂಗಳೂರಿನಿಂದ ಹೋದ ಸಾಫ್ಟ್‌ವೇರ್ ಎಂಜಿನಿಯರ್‌ಗೆ ವೋಟಿತ್ತು. ಹನ್ನೆರಡು ವರ್ಷದಿಂದ ಅಲ್ಲೇ ತೆರಿಗೆ ಕಟ್ಟುತ್ತಿದ್ದ ಪೋಲೆಂಡಿನ ಪ್ಲಂಬರ್‌ಗೆ ಇರಲಿಲ್ಲ. ಯಾರ ಬದುಕಿನ ಬಗ್ಗೆ ತೀರ್ಮಾನ ಆಗುತ್ತಿತ್ತೋ ಅವರನ್ನೇ ಕೇಳಲಿಲ್ಲ ಎನ್ನುವ ನೋವು ಅಲ್ಲಿನ ಯುರೋಪಿಯನ್ನರಲ್ಲಿ ಇನ್ನೂ ಇದೆ.

ಏಷ್ಯಾ ಮೂಲದವರಲ್ಲಿ ಮೂವರಲ್ಲಿ ಇಬ್ಬರು ಉಳಿಯೋಣ ಎಂದರು. ಆದರೆ ಮೂರನೆಯವರೂ ಸಣ್ಣ ಸಂಖ್ಯೆಯಲ್ಲ. ನಮ್ಮ ಚಿಕ್ಕಮ್ಮನಿಗೆ ಮದುವೆಗೆ ಬರಲು ವೀಸಾ ಕೊಡುವುದಿಲ್ಲ, ಯುರೋಪಿನವರು ಮಾತ್ರ ಯಾವಾಗ ಬೇಕಾದರೂ ಬರಬಹುದು, ಇದ್ಯಾವ ನ್ಯಾಯ ಎನ್ನುವುದು ಅವರ ದೂರು. ಕರಿ ಹೋಟೆಲ್‌ಗಳ ಮಾಲೀಕರಿಗೆ, ಅವರಲ್ಲಿ ಜಾಸ್ತಿ ಬಾಂಗ್ಲಾದೇಶ ಮೂಲದವರು, ಇನ್ನು ಮುಂದೆ ನಿಮ್ಮ ಕಡೆಯ ಬಾಣಸಿಗರನ್ನು ಸುಲಭವಾಗಿ ಕರೆಸಿಕೊಳ್ಳಬಹುದು ಎಂದು ಆಸೆ ತೋರಿಸಿದರು. ಆ ಪ್ರಚಾರದ ಮುಂದಾಳು ಪ್ರೀತಿ ಪಟೇಲ್. 2019ರಲ್ಲಿ ಅವರೇ ಗೃಹ ಸಚಿವೆ ಆದರು. ಬಾಣಸಿಗರ ವೀಸಾ ಮಾತ್ರ ಅವರು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಬಿಟ್ಟಿದ್ದಕ್ಕೆ ಬಾಯಿಬಿಟ್ಟು ಬೇಜಾರು ಹೇಳಿಕೊಂಡವರಲ್ಲಿ ಈ ಹೋಟೆಲಿನವರೂ ಇದ್ದಾರೆ.

ಕನ್ನಡಿಗರಿಗೆ ಒಂದು ಉಪಕತೆ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೆ ಬಸವಣ್ಣನ ಮೂರ್ತಿ ಇದೆ. ಕಲಬುರಗಿ ಮೂಲದ, ಲಂಡನ್ನಿನ ಲ್ಯಾಂಬೆತ್ ಭಾಗದ ಮಾಜಿ ಮೇಯರ್ ನೀರಜ್ ಪಾಟೀಲ್ ಓಡಾಡಿ ಮಾಡಿಸಿದ್ದು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಆ ಜಾಗ ಬರುವುದು ಲ್ಯಾಂಬೆತ್‌ನಲ್ಲಿ. ಏಳು ತಿಂಗಳ ನಂತರ ಅದೇ ಲ್ಯಾಂಬೆತ್‌ನಲ್ಲಿ ಶೇ 78.6 ಮಂದಿ ಉಳಿಯೋಣ ಎಂದರು. ಸ್ಪೇನಿನ ತುದಿಯಲ್ಲಿರುವ ಬ್ರಿಟಿಷ್ ಪ್ರದೇಶ ಜಿಬ್ರಾಲ್ಟರ್ ಬಿಟ್ಟರೆ ಬೇರೆಲ್ಲೂ ಅಷ್ಟು ಬಂದಿಲ್ಲ. ಸಂಸತ್ ಭವನ ಇರುವುದು ನದಿಯ ಆಚೆ ದಂಡೆಯಲ್ಲಿ.

‘ಉಳಿಯೋಣ’ ಎಂದವರು ಈಗ ನಾವು ಹೇಳಿರಲಿಲ್ವಾ ಎಂದು ಬೀಗುತ್ತಿರಬೇಕು?

ಕೆಲವರು ಬೀಗುತ್ತಾರೆ. ಜಾಸ್ತಿ ಜನರಿಗೆ ಸುಸ್ತು.

ಮೊದಲ ಮೂರು ವರ್ಷ ಅವರು ಸುಮ್ಮನಿರಲಿಲ್ಲ. ಲಂಡನ್ನಿನಲ್ಲಿ ಮತ್ತೆ ಮತ್ತೆ ಭಾರೀ ಮೆರವಣಿಗೆ ಮಾಡಿದರು. 2019ರಲ್ಲಿ ಬ್ರೆಕ್ಸಿಟ್ ರದ್ದು ಮಾಡಿ ಎಂಬ ಅರ್ಜಿಗೆ 60 ಲಕ್ಷ ಸಹಿ ಬಿತ್ತು. ಆ ಡಿಸೆಂಬರ್ ಚುನಾವಣೆಯ ನಂತರ ಗಾಳಿ ಹೋಯಿತು. ಅಜ್ಜಿಯೋ ಅಜ್ಜನೋ ಐರಿಷ್ ಆಗಿದ್ದವರು ಐರ್ಲೆಂಡಿನ ಪಾಸ್‌ಪೋರ್ಟ್ ಮಾಡಿಸಿಕೊಂಡರು. ಅಲ್ಲಿದ್ದ ಯುರೋಪಿಯನ್ನರು ತಮ್ಮದೇ ಮನೆಯಲ್ಲಿ ಉಳಿಯಲು ಅರ್ಜಿ ಹಾಕಬೇಕಾಯಿತು. 30 ಲಕ್ಷದ ಚಿಲ್ಲರೆ ಇರಬಹುದು ಎಂದುಕೊಂಡಿದ್ದರು, ಅನುಮತಿ ಪಡೆದವರೇ 50 ಲಕ್ಷ ದಾಟಿದರು. ಸ್ಪೇನಿನಲ್ಲಿ ಎರಡನೇ ಮನೆ ಮಾಡಿಕೊಂಡ ನಿವೃತ್ತರು ಈಗ 180 ದಿನಕ್ಕೆ 90 ದಿನ ಮಾತ್ರ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಅವರಲ್ಲಿ ‘ಬಿಡೋಣ’ ಎಂದವರೂ ಇದ್ದಾರೆ, ಅದು ಇನ್ನೊಂದು ತಮಾಷೆ.

ಸಮೀಕ್ಷೆಯಲ್ಲಿ ಗೆದ್ದು ಏನು ಮಾಡುವುದು, ದೇಶ ಹೊರಗೇ ಇದೆಯಲ್ಲ ಎನ್ನುವುದು ಅವರ ಕೊರಗು.

ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ಕತೆ ಬೇರೆಯಾ?

ಬೇರೆ. ಸ್ಕಾಟ್ಲೆಂಡಿನಲ್ಲಿ ಶೇ 62, ಉತ್ತರ ಐರ್ಲೆಂಡಿನಲ್ಲಿ ಶೇ 55.8 ಉಳಿಯೋಣ ಎಂದಿದ್ದರು. ಇಂಗ್ಲೆಂಡಿನವರ ವೋಟಿಗೆ ನಾವು ಹೊರಬಿದ್ದೆವು ಎನ್ನುವ ಅಸಮಾಧಾನ ಅಲ್ಲಿದೆ. ಉತ್ತರ ಐರ್ಲೆಂಡಿನಲ್ಲಿ ಇದು ಹಳೇ ಗಾಯದ ಮೇಲೆ ಬಿದ್ದ ಏಟು. ಅಲ್ಲಿಗೆ ಸಾಮಾನು ಸಾಗಿಸುವ ನಿಯಮವನ್ನು 2023ರ ವಿಂಡ್ಸರ್ ಒಪ್ಪಂದದಲ್ಲಿ ತಿದ್ದಿದರೂ ಯೂನಿಯನಿಸ್ಟರಲ್ಲಿ, ಅಂದರೆ ಬ್ರಿಟನ್ ಜೊತೆಗೇ ಇರಬೇಕು ಎನ್ನುವವರಲ್ಲಿ, ಬಹಳ ಜನರಿಗೆ ಸಮಾಧಾನವಿಲ್ಲ.

ಮನೆಗಳು, ಗೆಳೆತನಗಳು ಮುರಿದವು ಎನ್ನುವುದು ನಿಜವಾ?

ಬಹಳ ಮನೆಗಳಲ್ಲಿ ನಿಜ. ವೋಟಿಗೆ ಒಂದು ವಾರ ಮುಂಚೆ, 2016ರ ಜೂನ್ 16ರಂದು, ‘ಉಳಿಯೋಣ’ ಕಡೆಯ ಲೇಬರ್ ಸಂಸದೆ ಜೋ ಕಾಕ್ಸ್ ಅವರನ್ನು ಬರ್ಸ್ಟಲ್ ಎಂಬ ಊರಿನ ಬೀದಿಯಲ್ಲಿ ಕೊಂದರು. ಕೊಂದವನು ಬಲಪಂಥೀಯ ಉಗ್ರ. ಮಾತು ಎಷ್ಟು ಕಾದಿತ್ತು ಎಂದು ಆಗಲೇ ಎಲ್ಲರಿಗೂ ಗೊತ್ತಾಗಿತ್ತು.

ಆಮೇಲೆ ವಿಚಿತ್ರವಾದದ್ದೊಂದು ನಡೆಯಿತು. ವೋಟು ಒಂದೇ ದಿನದ್ದು, ಆದರೆ ‘ಲೀವರ್’ (ಬಿಡೋಣ ಎಂದವರು), ‘ರಿಮೇನರ್’ (ಉಳಿಯೋಣ ಎಂದವರು) ಎನ್ನುವ ಗುರುತು ಅಂಟಿಕೊಂಡಿತು. 2018ರ ಒಂದು ದೊಡ್ಡ ಸಮೀಕ್ಷೆಯಲ್ಲಿ ನಾನು ಈ ಪಕ್ಷದ ಕಟ್ಟಾ ಬೆಂಬಲಿಗ ಎಂದವರು ಶೇ 8 ಮಾತ್ರ. ನಾನು ಕಟ್ಟಾ ಲೀವರ್ ಅಥವಾ ಕಟ್ಟಾ ರಿಮೇನರ್ ಎಂದವರು ಶೇ 40. ಮಗಳು ಆ ಕಡೆಯವನನ್ನು ಮದುವೆಯಾದರೆ ಬೇಜಾರಾ ಎಂದು ಬೇರೆ ಸಮೀಕ್ಷೆಯಲ್ಲಿ ಕೇಳಿದ್ದರು. ಬೇಜಾರು ಎಂದವರು ‘ಉಳಿಯೋಣ’ ಕಡೆಯವರಲ್ಲೇ ಜಾಸ್ತಿ. ಉದಾರಿಗಳೆಂದು ಹೇಳಿಕೊಳ್ಳುವ ಕಡೆ ಅದು, ಗಮನಿಸಿ.

ಈಗ ಆ ಬಿಸಿ ಇಳಿದಿದೆ. ದೇಶದ ದೊಡ್ಡ ಸಮಸ್ಯೆ ಯಾವುದು ಎಂದು ಕೇಳಿದರೆ ಜೀವನ ವೆಚ್ಚ, ಆಸ್ಪತ್ರೆ, ವಲಸೆ ಎನ್ನುತ್ತಾರೆ. ಬ್ರೆಕ್ಸಿಟ್ ಎನ್ನುವವರು ಕಡಿಮೆ.

ಆರ್ಥಿಕವಾಗಿ ನಷ್ಟ ಎಷ್ಟು?

ಸರ್ಕಾರದ್ದೇ ಸ್ವತಂತ್ರ ಬಜೆಟ್ ಸಂಸ್ಥೆಯ ಅಂದಾಜಿನಲ್ಲಿ, ಉಳಿದಿದ್ದರೆ ಆಗುತ್ತಿದ್ದುದಕ್ಕಿಂತ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ 4ರಷ್ಟು ಕಡಿಮೆ. ಕಣ್ಣಿಗೆ ಕಾಣುವ ಕುಸಿತವಲ್ಲ ಇದು, ಬರಬೇಕಾಗಿದ್ದು ಬರಲಿಲ್ಲ ಅಷ್ಟೇ. ಅದಕ್ಕೇ ಮನಸ್ಸು ಬದಲಿಸುವಷ್ಟು ಬಹಳ ಜನರಿಗೆ ತಟ್ಟಿಲ್ಲ.

ಹಾಗಾದರೆ ಬ್ರಿಟನ್ ಮತ್ತೆ ಸೇರುತ್ತದಾ?

ಸದ್ಯಕ್ಕಂತೂ ಇಲ್ಲ. ಮತ್ತೆ ಸೇರೋಣವಾ ಎಂದರೆ ಸಮೀಕ್ಷೆಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಹೂಂ ಎನ್ನುತ್ತಾರೆ. ಪೌಂಡ್ ಬಿಟ್ಟು ಯೂರೋ ಒಪ್ಪಬೇಕು, ಹಳೇ ರಿಯಾಯಿತಿ ಸಿಗುವುದಿಲ್ಲ ಎಂದು ಸೇರಿಸಿ ಕೇಳಿದರೆ ಬೆಂಬಲ ಸರ್ರನೆ ಇಳಿಯುತ್ತದೆ. ಪ್ರಶ್ನೆ ಚೆಂದ ಇದ್ದಾಗ ಉತ್ತರವೂ ಚೆಂದ. 2016ರಲ್ಲೂ ಆಗಿದ್ದು ಇದೇ ತಾನೇ?

2024ರಲ್ಲಿ ಗೆದ್ದ ಲೇಬರ್ ಪಕ್ಷದ ಕೀರ್ ಸ್ಟಾರ್ಮರ್ ಒಕ್ಕೂಟವೂ ಬೇಡ, ಅದರ ಏಕ ಮಾರುಕಟ್ಟೆಯೂ (ತಡೆಯಿಲ್ಲದೆ ವ್ಯಾಪಾರ ಮಾಡುವ ವ್ಯವಸ್ಥೆ) ಬೇಡ ಎಂದು ಹೇಳಿಯೇ ಚುನಾವಣೆಗೆ ಹೋದವರು. ಬಾಗಿಲನ್ನು ಸ್ವಲ್ಪ ಸ್ವಲ್ಪವೇ ತೆರೆದರು, ಅಷ್ಟೇ. ಒಕ್ಕೂಟದ ಸಂಶೋಧನಾ ಯೋಜನೆಯಾದ ಹೊರೈಜನ್‌ಗಂತೂ ಬ್ರಿಟನ್ 2024ರಲ್ಲೇ, ಸುನಕ್ ಕಾಲದಲ್ಲೇ ಮರಳಿತ್ತು.

ಇಷ್ಟು ಜನ ತಪ್ಪು ಎನ್ನುವಾಗ ಫರಾಜ್ ಪಕ್ಷ ಬೆಳೆಯುತ್ತಿರುವುದು ಹೇಗೆ?

ಮೇಲೆ ಹೇಳಿದ್ದನ್ನೇ ಇನ್ನೊಮ್ಮೆ ನೋಡಿ. ಬ್ರೆಕ್ಸಿಟ್ ಸೋತಿತು ಎನ್ನುವ ಎಲ್ಲರೂ ಒಕ್ಕೂಟದ ಪರ ಅಲ್ಲ. ನಮಗೆ ಹೇಳಿದ್ದನ್ನು ಕೊಡಲಿಲ್ಲ ಎನ್ನುವವರೂ ಅದರಲ್ಲಿದ್ದಾರೆ. ಅವರ ಸಿಟ್ಟು ಹೋಗಿ ನಿಂತದ್ದು ಕನ್ಸರ್ವೇಟಿವ್ ಪಕ್ಷದ ಮೇಲೆ. ಫರಾಜ್ ಅವರ ರಿಫಾರ್ಮ್ ಪಕ್ಷ 2024ರಲ್ಲಿ ಶೇ 14ರಷ್ಟು ಮತ ಪಡೆಯಿತು, ಸೀಟು ಬರೀ 5. ಮುಂದಿನ ವರ್ಷದ ಸ್ಥಳೀಯ ಚುನಾವಣೆಯಲ್ಲಿ ಅದೇ ಪಕ್ಷ ನೂರಾರು ಸ್ಥಾನ ಗೆದ್ದಿತು. ಫರಾಜ್ ಯಾವತ್ತೂ ಬ್ರೆಕ್ಸಿಟ್ ಜಾರಿ ಮಾಡುವ ಕುರ್ಚಿಯಲ್ಲಿ ಕೂತಿರಲಿಲ್ಲ. ಹಾಗಾಗಿ ಕೆಟ್ಟದ್ದರ ಹೊಣೆ ಅವರ ತಲೆಗೆ ಬರಲಿಲ್ಲ. ಇದು ನ್ಯಾಯವೇ ಎಂದರೆ ನನ್ನ ಪ್ರಕಾರ ಅಲ್ಲ. ಆದರೆ ಕೆಲಸ ಮಾಡುತ್ತಿದೆ.

ಸಮೀಕ್ಷೆಗಳನ್ನು ನಂಬಬಹುದಾ?

ದಿಕ್ಕನ್ನು ನಂಬಿ, ದಶಮಾಂಶವನ್ನು ನಂಬಬೇಡಿ. ವೋಟಿನ ದಿನ ಯೂಗವ್ ಹೇಳಿದ್ದು 52–48 ಎಂದೇ. ಆದರೆ ‘ಉಳಿಯೋಣ’ ಪರವಾಗಿ.

ನಮ್ಮಲ್ಲಿ ಇಂಥದ್ದೇನಾದರೂ ನಡೆದಿದೆಯಾ?

ಇಡೀ ದೇಶಕ್ಕೆ ಜನಮತ ಕೇಳುವ ವ್ಯವಸ್ಥೆ ನಮ್ಮ ಸಂವಿಧಾನದಲ್ಲಿಲ್ಲ. ಆದರೆ ಕಾರವಾರದ ಪಕ್ಕದಲ್ಲೇ ಒಂದು ನಡೆದಿದೆ. 1967ರ ಜನವರಿ 16ರಂದು ಗೋವಾದ ಜನರನ್ನು ಮಹಾರಾಷ್ಟ್ರಕ್ಕೆ ಸೇರುತ್ತೀರಾ, ಕೇಂದ್ರಾಡಳಿತ ಪ್ರದೇಶವಾಗಿಯೇ ಇರುತ್ತೀರಾ ಎಂದು ಕೇಳಿದರು. ಸೇರಲು ಹೂವಿನ ಗುರುತು, ಬೇರೆ ಇರಲು ಎರಡೆಲೆ ಗುರುತು. ಎರಡೆಲೆ 34,021 ಮತಗಳಿಂದ ಗೆದ್ದಿತು.

ಅಲ್ಲೂ ಮನೆಮನೆಯಲ್ಲಿ ಜಗಳ ಆಗಿತ್ತು. ಆದರೆ ನಂತರದ್ದು ನೋಡಿ. ವಿಲೀನದ ಪರ ಇದ್ದ ದಯಾನಂದ ಬಾಂದೋಡ್ಕರ್ ಅವರ ಪಕ್ಷ ಜನಮತದಲ್ಲಿ ಸೋತಿತು, ಎರಡೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಗೆದ್ದಿತು. ಸೋತವರ ಕೈಗೇ ಸರ್ಕಾರ ಬಂತು. ಮತಚೀಟಿಯಲ್ಲಿ ಇಲ್ಲದ ಮೂರನೇ ಆಯ್ಕೆ, ಅಂದರೆ ಪೂರ್ಣ ರಾಜ್ಯ, 1987ರ ಮೇ 30ರಂದು ಸಿಕ್ಕಿತು. ಎರಡೂ ಕಡೆಯವರಿಗೆ ಏನೋ ಒಂದು ದಕ್ಕಿತು. ಬ್ರಿಟನ್ನಿನಲ್ಲಿ ಆಗದೇ ಹೋದದ್ದು ಇದು.

ಬ್ರಿಟನ್ನಿಗೆ ಕೆಲಸಕ್ಕೆ ಹೋಗುತ್ತಿದ್ದೇನೆ. ಆಫೀಸಿನಲ್ಲಿ ಬ್ರೆಕ್ಸಿಟ್ ಮಾತು ಎತ್ತಬಹುದಾ?

ನೀವಾಗಿ ಎತ್ತದಿದ್ದರೆ ಒಳ್ಳೆಯದು. ಅವರೇ ಶುರು ಮಾಡಿದರೆ ಕೇಳಿಸಿಕೊಳ್ಳಿ. ಯಾವ ಕಡೆ ವೋಟು ಹಾಕಿದಿರಿ ಎಂದು ಮಾತ್ರ ಕೇಳಬೇಡಿ. ಆಗ ಏನು ಆಗಬಹುದು ಅಂದುಕೊಂಡಿದ್ದಿರಿ ಎಂದು ಕೇಳಿ ನೋಡಿ, ಜನ ಬಿಚ್ಚು ಮನಸ್ಸಿನಿಂದ ಮಾತಾಡುತ್ತಾರೆ.

ಇನ್ನೊಂದು. ಲಂಡನ್ ಆಫೀಸು, ಓದಿದವರು, ಇಲ್ಲಿ ಎಲ್ಲರೂ ‘ಉಳಿಯೋಣ’ ಕಡೆಯವರೇ ಎಂದುಕೊಂಡು ಜೋಕು ಹೊಡೆಯಬೇಡಿ. ಲಂಡನ್ನಿನಲ್ಲೂ ಶೇ 40ರಷ್ಟು ಮಂದಿ ಬಿಡೋಣ ಎಂದಿದ್ದರು. ಅವರು ಸಾಮಾನ್ಯವಾಗಿ ಆಫೀಸಿನಲ್ಲಿ ಬಾಯಿ ಬಿಡುವುದಿಲ್ಲ. ಏನಾದರೂ ಮಾತು ಬೇಕೇ ಬೇಕು ಅಂದ್ರೆ ಸರ್ಕಾರಿ ಆಸ್ಪತ್ರೆಯ ವೇಟಿಂಗ್ ಲಿಸ್ಟ್ ಬಗ್ಗೆ ಕೇಳಿ. ಆ ವಿಷಯದಲ್ಲಿ ಎರಡೂ ಕಡೆಯವರು ಒಂದೇ ಥರ ಬೈಯುತ್ತಾರೆ.